ಮುನ್ನೂರು ಕುರ್ಚಿಗಳ ಸಭೆ

ಭಾನುವಾರ ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷಕ್ಕೆ ಕುರ್ಚಿಯಣ್ಣ ನಗರಸಭೆಯ ಸಭಾಂಗಣದಲ್ಲಿ ಮಂಡಿಯೂರಿ ಕೂತು ಹನ್ನೆರಡನೇ ಸಾಲಿನ ಕುರ್ಚಿಗಳ ಮುಂಗಾಲಿಗೆ ದಾರ ಹಿಡಿದಿದ್ದರು. ದಾರದ ಒಂದು ತುದಿ ಗೋಡೆಯ ಮೊಳೆಯಲ್ಲಿ, ಇನ್ನೊಂದು ಅವರ ತೋರುಬೆರಳಿನಲ್ಲಿ. ದಾರವನ್ನು ಮುಟ್ಟದ ಕಾಲು ಹಿಂದೆ ಉಳಿದಿದೆ, ದಾರವನ್ನು ಒತ್ತುವ ಕಾಲು ಮುಂದೆ ಬಂದಿದೆ. ಇಷ್ಟೇ ವಿದ್ಯೆ. ಆದರೆ ಹೀಗೆ ಹಾಕಿದ ಸಾಲನ್ನು ವೇದಿಕೆಯ ಮೇಲಿಂದ ನೋಡಿದರೆ ಗೆರೆ ಎಳೆದಂತೆ ಕಾಣುತ್ತಿತ್ತು. ಭಾಷಣಕ್ಕೆ ನಿಂತವರಿಗೆ ತಮ್ಮ ಮಾತೂ ಅಷ್ಟೇ ನೇರವಾಗಿದೆ ಎಂಬ ಧೈರ್ಯ ಬರುತ್ತಿತ್ತು.

"ಏನಣ್ಣಾ, ಗೋದಾಮು ಪೂರ್ತಿ ಖಾಲಿ ಮಾಡಿದ್ರಾ?" ವೇದಿಕೆಯ ಮೇಲೆ ವೈರು ಬಿಚ್ಚುತ್ತಿದ್ದ ಮೈಕಿನವನು ಕೇಳಿದ. "ಮಂತ್ರಿ ಬಂದಾಗ್ಲೂ ನೀವು ಇನ್ನೂರೈವತ್ತು ದಾಟಿರ್ಲಿಲ್ಲ."

"ಇವತ್ತು ಮುನ್ನೂರು."

"ಅಷ್ಟು ಜನ ಬರ್ತಾರಾ?"

"ನೀನು ನಿನ್ನ ವೈರು ನೋಡ್ಕೊ."

ಮೈಕಿನವನು ವೈರು ನೋಡಿಕೊಂಡ. ಜೊತೆಯಲ್ಲಿ ಕೆಲಸ ಮಾಡಿ ಅವನ ತಲೆಗೂದಲೂ ನೆರೆತಿತ್ತು. ಕುರ್ಚಿಯಣ್ಣ ಮಾತನ್ನು ತುಂಡು ಮಾಡಿದರೆಂದರೆ ಎಲ್ಲೋ ಏನೋ ಸರಿಯಿಲ್ಲ ಎಂಬುದು ಅವನಿಗೆ ಗೊತ್ತಿತ್ತು.

ಸಂಬಳದ ಕಾಗದದಲ್ಲಿ ಅವರು ಸಭಾಂಗಣದ ಮೇಲ್ವಿಚಾರಕರು. ಬೀಗ ತೆಗೆಯುವುದು, ಗುಡಿಸುವುದು, ಕುರ್ಚಿ ಹಾಕುವುದು, ತೆಗೆಯುವುದು, ಬೀಗ ಹಾಕುವುದು. ಊರಿಗೆ ಊರೇ ಕುರ್ಚಿಗೆ ಕಿತ್ತಾಡುವಾಗ ಕೇಳಿದವರಿಗೆಲ್ಲ ಕುರ್ಚಿ ಕೊಡುವ ಧರ್ಮಾತ್ಮ ಇವರೊಬ್ಬರೇ ಎಂದು ಯಾರೋ ಒಮ್ಮೆ ವೇದಿಕೆಯ ಮೇಲಿಂದ ನಗೆಚಟಾಕಿ ಹಾರಿಸಿದ್ದರು. ಅಂದಿನಿಂದ ಆ ಹೆಸರು ಅಂಟಿಕೊಂಡಿತು. ಹೆಂಡತಿ ತೀರಿಕೊಂಡ ಮೇಲೆ ಅವರ ಸ್ವಂತ ಹೆಸರು ಹಿಡಿದು ಕರೆಯುವವರು ಯಾರೂ ಉಳಿಯಲಿಲ್ಲ.

ಚುನಾವಣೆಯ ಕಾಲದಲ್ಲಿ ಮಾತ್ರ ದೊಡ್ಡ ದೊಡ್ಡವರು ಅವರ ಕೋಣೆಗೆ ಬರುತ್ತಿದ್ದರು. ವೇದಿಕೆಯ ಹಿಂದೆ, ಹಳೆಯ ಪರದೆಗಳನ್ನು ಮಡಚಿಟ್ಟ ಕಪಾಟಿನ ಪಕ್ಕ, ಒಂದು ಮಂಚ ಹಿಡಿಯುವಷ್ಟು ಕೋಣೆ. ಪಕ್ಷದ ಕಾರ್ಯದರ್ಶಿಯೇ ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದು ಕೇಳುತ್ತಿದ್ದ: "ನಾಡಿದ್ದು ಎಷ್ಟು ಜನ ಆಗ್ಬಹುದು?" ಕುರ್ಚಿಯಣ್ಣ ಎರಡು ದಿನ ಬೀದಿ ಸುತ್ತಿ ಬಂದು ಒಂದು ಅಂಕಿ ಹೇಳುತ್ತಿದ್ದರು. ಹತ್ತಿಪ್ಪತ್ತು ಆಚೀಚೆ, ಅಷ್ಟೇ. ಅದರಲ್ಲಿ ಮಾಟವೇನೂ ಇರಲಿಲ್ಲ. "ಬರ್ತೀನಿ ಅಂದವರಲ್ಲಿ ಮೂರಕ್ಕೆ ಒಬ್ಬ ಬರ್ತಾನೆ," ಎಂದು ಮೈಕಿನವನಿಗೆ ಅವರು ವಿವರಿಸುತ್ತಿದ್ದರು. "ನೋಡೋಣ ಅಂದವನು ಬರೋದಿಲ್ಲ. ಯಾಕೆ ಬರ್ಬೇಕು ಅಂತ ಜಗಳಕ್ಕೆ ನಿಂತನಲ್ಲ, ಅವನು ಬಂದೇ ಬರ್ತಾನೆ."

ಅಂಕಿ ಸಿಕ್ಕ ಮೇಲೆ ಅದರಲ್ಲಿ ಐದನೇ ಒಂದು ಪಾಲು ಕಳೆದು ಅಷ್ಟೇ ಕುರ್ಚಿ ಹಾಕುವುದು ಅವರ ಪದ್ಧತಿ. ಇನ್ನೂರು ಜನ ಬರುವುದಾದರೆ ನೂರ ಅರವತ್ತು ಕುರ್ಚಿ. ಕೊನೆಗೆ ಬಂದ ನಲವತ್ತು ಮಂದಿ ಗೋಡೆಗೆ ಒರಗಿ ನಿಲ್ಲುತ್ತಾರೆ. ಆಗ ವೇದಿಕೆಯಿಂದ "ಹಿಂದೆ ನಿಂತವರಿಗೆ ಇನ್ನಷ್ಟು ಕುರ್ಚಿ ತನ್ನಿ" ಎಂದು ಮೈಕಿನಲ್ಲಿ ಹೇಳಿಸಬೇಕು. ಕುರ್ಚಿಯಣ್ಣ ಎರಡು ಕೈಯಲ್ಲೂ ಕುರ್ಚಿ ಎತ್ತಿಕೊಂಡು ಎಲ್ಲರಿಗೂ ಕಾಣುವಂತೆ ನಡುವಿನ ದಾರಿಯಲ್ಲೇ ಬರಬೇಕು. ಸಭೆ ಕಿಕ್ಕಿರಿದಿತ್ತು ಎಂದು ಮರುದಿನ ಊರು ಮಾತಾಡಿಕೊಳ್ಳುತ್ತದೆ. ಕುರ್ಚಿ ಹೆಚ್ಚಾದರೆ ಇದೆಲ್ಲ ತಿರುವುಮುರುವು. ಜನ ಒತ್ತಾಗಿ ಕೂರುವುದಿಲ್ಲ. ಒಬ್ಬರ ಪಕ್ಕ ಎರಡು ಖಾಲಿ ಬಿಟ್ಟು ಇನ್ನೊಬ್ಬರು ಕೂರುತ್ತಾರೆ. ಮೇಲಿಂದ ನೋಡಿದರೆ ಹಲ್ಲುದುರಿದ ಬಾಯಿಯಂತೆ ಕಾಣುತ್ತದೆ.

ಇಷ್ಟೆಲ್ಲ ತಿಳಿದವರು ಆ ಭಾನುವಾರ ಮುನ್ನೂರು ಕುರ್ಚಿ ಹಾಕಿದ್ದು ತಮ್ಮನ ಮಗಳಿಗಾಗಿ.

ಅವಳು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದಳು. ಇಪ್ಪತ್ತಮೂರು ವರ್ಷ. ಭಾನುವಾರ ಪಾಳಿ ಮುಗಿಸಿ ನೇರ ಸಭಾಂಗಣಕ್ಕೆ ಬಂದು ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು ವಾರದ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು. ದೊಡ್ಡಪ್ಪ ಎದುರಿಗೆ ಒಂದು ಕುರ್ಚಿ ಎಳೆದುಕೊಂಡು ಕೇಳುತ್ತಿದ್ದರು. ವಾರದ ಉಳಿದ ದಿನಗಳಲ್ಲಿ ಅವರು ಆಡುವ ಮಾತೆಲ್ಲ ಒಟ್ಟುಗೂಡಿಸಿದರೆ ಆ ಒಂದು ಗಂಟೆಯಷ್ಟು ಆಗುತ್ತಿರಲಿಲ್ಲ. ಬಾಡಿಗೆಗೆ ಬಂದವರು "ಕೀಲಿ ಎಲ್ಲಿ", "ಫ್ಯಾನು ಹಾಕಿ" ಎನ್ನುವುದನ್ನು ಮಾತು ಎಂದು ಎಣಿಸುವಂತಿಲ್ಲ.

ಅವಳು ಹೀಗೆ ಬರುವುದಕ್ಕೆ ಮನೆಯ ಜಗಳವೂ ಒಂದು ಕಾರಣ. ತಮ್ಮನ ಮನೆಯಲ್ಲಿ ತಾತನ ಕಾಲದಿಂದ ಒಂದೇ ಗುರುತಿಗೆ ಓಟು. ಅಪ್ಪ ಹೇಳುತ್ತಿದ್ದ: "ನಮ್ಮದು ಒಂದೇ ಮನೆ, ಒಂದೇ ಪಕ್ಷ." ಮಗಳು ಕೇಳುತ್ತಿದ್ದಳು: "ಆ ಪಕ್ಷದೋರು ನಮ್ಮನೆಗೆ ಯಾವಾಗ ಬಂದಿದ್ರು?" ತಟ್ಟೆ ಮುಂದಿಟ್ಟುಕೊಂಡು ಶುರುವಾದದ್ದು ಕೈ ಒಣಗಿದರೂ ಮುಗಿಯುತ್ತಿರಲಿಲ್ಲ.

"ದೊಡ್ಡಪ್ಪಾ, ಪಕ್ಷ ಅಂದ್ರೆ ನಿಮ್ಮ ಕಾಲದೋರಿಗೆ ಮನೆತನ ಇದ್ದಂಗೆ," ಎಂದು ಅವಳು ಒಂದು ಸಲ ಬಿಡಿಸಿ ಹೇಳಿದ್ದಳು. "ನಮಗೆ ಬಾಡಿಗೆ ಮನೆ ಇದ್ದಂಗೆ. ನೀರು ಬರ್ಲಿಲ್ಲ ಅಂದ್ರೆ ಖಾಲಿ ಮಾಡ್ತೀವಿ."

"ಎಲ್ಲಿಗೆ ಹೋಗ್ತೀರಿ?"

"ಅದೇ ಕಷ್ಟ. ಬೇರೆ ಮನೇಲೂ ನೀರಿಲ್ಲ."

ಕೊನೆಗೆ ಅವಳೂ ಅವಳ ಸ್ನೇಹಿತರೂ ಸೇರಿ, ಬೇರೆ ಮನೆಯಿಲ್ಲದಿದ್ದರೆ ನಾವೇ ಕಟ್ಟೋಣ ಎಂದು ತೀರ್ಮಾನಿಸಿದರು. ವಾರ್ಡಿನ ಚುನಾವಣೆಗೆ ಅವಳೇ ನಿಂತಳು. ಪಕ್ಷವಿಲ್ಲ, ಬಾವುಟವಿಲ್ಲ. ರಾತ್ರಿ ಪಾಳಿ ಮುಗಿಸಿದವರಿಗೆ ಒಂದು ಬಸ್ಸು, ಬಾಡಿಗೆ ಮನೆಗಳ ಮುಂಗಡಕ್ಕೆ ಒಂದು ಮಿತಿ, ಬಸ್ ನಿಲ್ದಾಣದಲ್ಲಿ ಬಾಗಿಲು ಹಾಕಲು ಬರುವಂಥ ಶೌಚಾಲಯ. ಇಷ್ಟು ಅವಳ ಬೇಡಿಕೆ. ಬಹಿರಂಗ ಸಭೆಯೊಂದು ಬೇಕೇ ಬೇಕು ಎಂದು ಸ್ನೇಹಿತರಲ್ಲೊಬ್ಬರು ಹಟ ಹಿಡಿದರು. ಗುರುವಾರ ಅವಳು ಬಂದು ಕೇಳಿದಳು.

"ನಿಮ್ಮ ಲೆಕ್ಕದಲ್ಲಿ ಎಷ್ಟು ಜನ ಬರ್ತಾರೆ ದೊಡ್ಡಪ್ಪ?"

ಅವರು ಆಗಲೇ ಬೀದಿ ಸುತ್ತಿ ಬಂದಿದ್ದರು. ಅವರ ತಲೆಯಲ್ಲಿದ್ದ ಅಂಕಿ ಎಪ್ಪತ್ತು. ಆದರೆ ಅವಳ ಕಣ್ಣು ಅವರ ಬಾಯಿಯ ಮೇಲೇ ಇತ್ತು. ಪರೀಕ್ಷೆಯ ಫಲಿತಾಂಶ ಕೇಳಲು ನಿಂತ ಮಗುವಿನ ಮುಖ ಅದು. ಎಪ್ಪತ್ತು ಎಂಬ ಪದ ನಾಲಿಗೆಯ ತುದಿಗೆ ಬಂದು ಹಿಂದಿರುಗಿತು.

"ಇರೋ ಮುನ್ನೂರು ಕುರ್ಚಿನೂ ಬೇಕಾಗುತ್ತೆ ಮರಿ," ಎಂದರು.

ಅವಳು ಚಪ್ಪಾಳೆ ತಟ್ಟಿ ಎದ್ದು ಹೋದಳು. ಅಲ್ಲಿಗೆ ಒಂದು ತಪ್ಪಾಯಿತು. ಎರಡನೆಯದು ಅದರ ಹಿಂದೆಯೇ ಬಂತು. ಭಾನುವಾರ ಸುಮ್ಮನೆ ಅರವತ್ತು ಕುರ್ಚಿ ಹಾಕಿ ಉಳಿದದ್ದನ್ನು ಗೋದಾಮಿನಲ್ಲೇ ಬಿಡಬಹುದಿತ್ತು. ಹಾಗೆ ಮಾಡಿದರೆ ತಮಗೆ ನಂಬಿಕೆಯಿರಲಿಲ್ಲ ಎಂದು ಅವಳಿಗೆ ಬಾಗಿಲಲ್ಲೇ ಗೊತ್ತಾಗಿಬಿಡುತ್ತದೆ ಎಂದು ಅವರು ಹೆದರಿದರು. ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ಈ ಸುಳ್ಳಿಗೆ ಸಾವಿರದ ಇನ್ನೂರು ಕಾಲುಗಳಿದ್ದವು, ಅಷ್ಟನ್ನೂ ಅವರು ಒಬ್ಬರೇ ದಾರಕ್ಕೆ ಸರಿಯಾಗಿ ಜೋಡಿಸಿದರು.

ಸಭೆಗೆ ಬಂದವರು ಎಪ್ಪತ್ತೊಂದು ಜನ.

ಬಂದವರು ಹಿಂದಿನ ಸಾಲು ಹಿಡಿದರು, ಕೆಲವರು ಬಾಗಿಲ ಪಕ್ಕ, ಇಬ್ಬರು ಫ್ಯಾನಿನ ಕೆಳಗೆ, ಒಬ್ಬಾಕೆ ಮಗುವಿನೊಡನೆ ನಟ್ಟನಡುವೆ. ತಮ್ಮನ ಮಗಳು ಮೈಕಿನ ಮುಂದೆ ನಿಂತು ಮೊದಲ ವಾಕ್ಯ ಆಡಿದಳು. ಖಾಲಿ ಕುರ್ಚಿಗಳಿಗೆ ತಾಗಿ ಆ ವಾಕ್ಯ ವಾಪಸು ಬಂತು. "ದಯವಿಟ್ಟು ಎಲ್ಲರೂ ಮುಂದೆ ಬನ್ನಿ," ಎಂದಳು. ನಾಲ್ಕೈದು ಮಂದಿ ಎದ್ದರು, ಉಳಿದವರು ಅಕ್ಕಪಕ್ಕ ನೋಡಿ ಅಲ್ಲೇ ಕೂತರು. ಆಮೇಲೆ ಅವಳು ಚೆನ್ನಾಗಿಯೇ ಮಾತಾಡಿದಳು, ಆದರೆ ಬೇಗ ಬೇಗ ಮಾತಾಡಿದಳು, ಮಳೆ ಬರುವ ಮುಂಚೆ ಬಟ್ಟೆ ಎತ್ತಿಕೊಳ್ಳುವವರ ಹಾಗೆ. ಎದುರಾಳಿಯ ಕಡೆಯ ಹುಡುಗನೊಬ್ಬ ಬಾಲ್ಕನಿಯಿಂದ ಫೋಟೋ ತೆಗೆದ. ಸಭೆ ಮುಗಿಯುವ ಮೊದಲೇ ಅದು ಎಲ್ಲರ ಫೋನಿಗೂ ಬಂದಿತ್ತು. ಕೆಳಗೆ ಬರೆದಿತ್ತು: "ಅಭ್ಯರ್ಥಿಗೆ ಕುರ್ಚಿಗಳ ಭಾರಿ ಬೆಂಬಲ."

ಎಲ್ಲರೂ ಹೋದ ಮೇಲೆ ಅವಳು ಮೊದಲ ಸಾಲಿನ ಮುಂದೆ ನಿಂತಳು. ಕೂರಲಿಲ್ಲ.

"ನಿಮಗೆ ಗೊತ್ತಿತ್ತು."

"ಏನು ಮರಿ?"

"ಎಷ್ಟು ಜನ ಬರ್ತಾರೆ ಅಂತ. ನಿಮಗೆ ಗೊತ್ತಿಲ್ದೆ ಇರೋದಿಲ್ಲ."

ಅವರು ದಾರವನ್ನು ಬೆರಳಿಗೆ ಸುತ್ತುತ್ತ ನಿಂತರು.

"ಆ ಕಾರ್ಯದರ್ಶಿಗೆ ಮುಖಕ್ಕೆ ಹೊಡೆದಂಗೆ ಹೇಳಿದ್ರಿ, ನಿಮ್ಮ ಭಾಷಣಕ್ಕೆ ನೂರು ಜನಾನೂ ಸೇರಲ್ಲ ಅಂತ. ಅವರಿಗೆಲ್ಲ ನಿಜ. ನನಗೆ ಮಾತ್ರ ಬೆಲ್ಲ."

"ನಿನ್ನ ಮುಖ ಚಿಕ್ಕದಾಗುತ್ತೆ ಅಂತ ಮರಿ..."

"ಈಗ ದೊಡ್ಡದಾಯ್ತಾ?"

ಅವಳು ಕೈಚೀಲ ಹೆಗಲಿಗೇರಿಸಿದಳು. "ಎಪ್ಪತ್ತು ಅಂದಿದ್ರೆ ಐವತ್ತಾರು ಕುರ್ಚಿ ಹಾಕಿಸ್ತಿದ್ದೆ. ನಿಮ್ಮ ಪದ್ಧತಿ ನನಗೂ ಗೊತ್ತು. ಅಪ್ಪ ಬೈತಾರೆ, ಕೂಗಾಡ್ತಾರೆ, ಆದ್ರೆ ನಾನು ಸೋಲ್ತೀನಿ ಅಂತ ಎದುರಿಗೇ ಹೇಳ್ತಾರೆ. ನೀವು ನನ್ನನ್ನ ನಂಬ್ತೀರಿ ಅಂದ್ಕೊಂಡಿದ್ದೆ. ನೀವು ಸಮಾಧಾನ ಮಾಡ್ತಿದ್ರಿ, ಅಷ್ಟೇ."

ಅವಳು ಹೋದ ಮೇಲೆ ಕುರ್ಚಿಗಳನ್ನು ಹತ್ತು ಹತ್ತರಂತೆ ಒಂದರ ಮೇಲೊಂದು ಪೇರಿಸಿದರು. ಮೈಕಿನವನು ಸಹಾಯಕ್ಕೆ ಬಂದವನು ಏನೂ ಹೇಳಲಿಲ್ಲ. ಏನೂ ಹೇಳದಿರುವುದು ಅವನಿಗೆ ಸುಲಭವಲ್ಲ, ಆದ್ದರಿಂದ ಬೇಗ ಹೊರಟುಹೋದ.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಬರಲಿಲ್ಲ. ಕುರ್ಚಿಯಣ್ಣ ಆ ಹೊತ್ತಿಗೆ ವೇದಿಕೆಯ ಎದುರು ಕುರ್ಚಿ ಎಳೆದು ಕೂರುವುದನ್ನು ಬಿಡಲಿಲ್ಲ. ರೂಢಿ ಎಂಬುದು ಹಾಗೆ, ಕಾರಣ ಹೋದ ಮೇಲೂ ಕೆಲವು ದಿನ ಮೈಯಲ್ಲಿ ಇರುತ್ತದೆ. ಸಭಾಂಗಣದಲ್ಲಿ ಒಬ್ಬರೇ ಇದ್ದಾಗ ಕೆಮ್ಮಿದರೂ ಎರಡು ಸಲ ಕೇಳಿಸುತ್ತಿತ್ತು. ಫೋನು ಮಾಡೋಣವೆಂದು ಎತ್ತಿಕೊಂಡರೆ, ಏನು ಹೇಳುವುದೆಂದು ತೋಚುತ್ತಿರಲಿಲ್ಲ. ತಪ್ಪಾಯಿತು ಎನ್ನಬಹುದು. ಆದರೆ ಅದೂ ಒಂದು ಸಮಾಧಾನವೇ ಆಗಿಬಿಟ್ಟರೆ?

ಮತದಾನದ ದಿನ ಬೆಳಗ್ಗೆ ಅವರು ಸಾಲಿನಲ್ಲಿ ನಿಂತು ಅವಳಿಗೇ ಓಟು ಹಾಕಿ ಬಂದರು. ತಾತನ ಕಾಲದ ಗುರುತನ್ನು ಅವರು ದಾಟಿದ್ದು ಅದೇ ಮೊದಲು. ಅದನ್ನು ಹೇಳಿಕೊಳ್ಳಲು ಪಕ್ಕದಲ್ಲಿ ಯಾರೂ ಇರಲಿಲ್ಲ.

ಎಣಿಕೆಯ ದಿನ ಮೈಕಿನವನು ಓಡಿಕೊಂಡು ಬಂದ. ಗೆದ್ದವರಿಗೆ ಸಾವಿರದ ಮುನ್ನೂರರ ಹತ್ತಿರ. ಎರಡನೆಯವರಿಗೆ ಸಾವಿರದ ಹತ್ತಿರ. "ನಿಮ್ಮ ಹುಡುಗಿಗೆ ಆರುನೂರ ಹನ್ನೆರಡು."

"ಇರ್ಲಿಕ್ಕಿಲ್ಲ. ಇನ್ನೊಂದ್ಸಲ ಕೇಳ್ಕೊಂಡು ಬಾ."

"ಎರಡು ಸಲ ಕೇಳ್ದೆ ಅಣ್ಣ. ಎಲ್ಲರೂ ಬಾಯಿ ಬಿಟ್ಕೊಂಡು ನಿಂತಿದಾರೆ."

ಸಭೆಗೆ ಬಂದವರ ಮೂರರಷ್ಟು ಓಟು ಎಂಬುದು ಅವರ ಹಳೆಯ ಲೆಕ್ಕ. ಇಷ್ಟು ವರ್ಷ ಅದು ಕೈಕೊಟ್ಟಿರಲಿಲ್ಲ. ಆ ಲೆಕ್ಕಕ್ಕೆ ಇನ್ನೂರು ಚಿಲ್ಲರೆ ಬರಬೇಕಿತ್ತು. ಮಿಕ್ಕ ನಾನೂರು ಜನ ಎಲ್ಲಿ ಕೂತು ಅವಳ ಮಾತು ಕೇಳಿದರು? ಅವಳು ಸೋತಳೆಂಬ ದುಃಖಕ್ಕಿಂತ ಈ ಪ್ರಶ್ನೆಯೇ ಅವರನ್ನು ಹೆಚ್ಚು ಕಾಡಿತು. ಆ ನಾನೂರು ಜನರಿಗೆ ಅವಳು ಗೊತ್ತಿದ್ದಳು, ತಮಗೆ ಗೊತ್ತಿರಲಿಲ್ಲ.

ಅವರು ಮತ್ತೆ ಬೀದಿ ಸುತ್ತತೊಡಗಿದರು. ಈ ಸಲ ಯಾರೂ ಕೇಳಿರಲಿಲ್ಲ. ಒಂದು ಸಂಜೆ ಬಸ್ ಡಿಪೋದ ಹಿಂದಿನ ಬಾಡಿಗೆ ಕಟ್ಟಡವೊಂದರ ಬಾಗಿಲಲ್ಲಿ ಅವಳ ದನಿ ಕೇಳಿಸಿ ನಿಂತರು. ಸಭೆ ನಡೆದದ್ದು ಮೆಟ್ಟಿಲ ಮೇಲೆ. ಅವಳು ಎರಡನೇ ಮಹಡಿಯ ತಿರುವಿನಲ್ಲಿ ನಿಂತಿದ್ದಳು. ಕೆಳಗೂ ಮೇಲೂ ಮೆಟ್ಟಿಲಿಗೆ ಇಬ್ಬರಂತೆ ಕೂತಿದ್ದರು. ಕೆಲವರು ತಮ್ಮ ಬಾಗಿಲಲ್ಲೇ ನಿಂತು, ಒಬ್ಬ ಅರ್ಧ ಇಸ್ತ್ರಿ ಮಾಡಿದ ಅಂಗಿ ಹಿಡಿದು, ಕೇಳುತ್ತಿದ್ದರು. ಕಂಬಿಗೆ ಒಂದು ಫೋನು ಕಟ್ಟಿತ್ತು. ಪಾಳಿಯಲ್ಲಿದ್ದವರು ಅದರ ಮೂಲಕ ಇನ್ನೆಲ್ಲಿಂದಲೋ ಕೇಳುತ್ತಿದ್ದರು. ಭಾಷಣ ಎನ್ನುವಂಥದ್ದೇನೂ ಇರಲಿಲ್ಲ. ಎಲ್ಲರೂ ಅವಳೊಡನೆ ಜಗಳವಾಡುತ್ತಿದ್ದರು.

"ಸೋತ್ರಲ್ಲ, ಮತ್ತೆ ಯಾಕೆ ಬಂದ್ರಿ?" ಮೇಲಿನಿಂದ ಒಬ್ಬಳು ಕೇಳಿದಳು.

"ಬಸ್ಸು ಇನ್ನೂ ಬಂದಿಲ್ಲವಲ್ಲ."

"ಬಸ್ಸು ಬಂದ್ಮೇಲೆ ಬರಲ್ವಾ?"

"ಬಂದ್ಮೇಲೆ ಬಸ್ಸಲ್ಲೇ ಬರ್ತೀನಿ."

ಮೆಟ್ಟಿಲು ತುಂಬ ನಗು ಇಳಿದು ಬಂತು. ಕುರ್ಚಿಯಣ್ಣ ಕೆಳಗಿನ ಕತ್ತಲಲ್ಲಿ ನಿಂತು ತಲೆ ಎಣಿಸಲು ನೋಡಿದರು. ಆಗಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆರೆಯುತ್ತಿತ್ತು, ಫೋನಿನೊಳಗೆ ಎಷ್ಟು ಜನರೋ. ಅಲ್ಲಿ ಒಂದೇ ಒಂದು ಕುರ್ಚಿ ಇರಲಿಲ್ಲ, ಯಾರಿಗೂ ಅದರ ಕೊರತೆ ಕಾಣಿಸಿರಲಿಲ್ಲ. ಅವಳು ಇಳಿದು ಬರುವ ಮೊದಲೇ ಅವರು ಹೊರಟರು.

ಆ ಮೇಲೆ ಎರಡು ಮೂರು ತಿಂಗಳು ಅವರು ಸಂಜೆಗಳನ್ನು ಅಂಥ ಕಟ್ಟಡಗಳಲ್ಲಿ ಕಳೆದರು. ಬಾಗಿಲಲ್ಲಿ ನಿಂತವರನ್ನು ಮಾತಿಗೆಳೆದು, ಎಷ್ಟು ವರ್ಷದಿಂದ ಇದ್ದೀರಿ, ಇನ್ನೆಷ್ಟು ದಿನ ಇರುತ್ತೀರಿ ಎಂದು ಕೇಳುತ್ತಿದ್ದರು. "ಮನೆ ಬೇಕಾ ತಾತ?" ಎಂದು ಒಬ್ಬ ಕನಿಕರದಿಂದ ವಿಚಾರಿಸಿದ. "ಮೇಲೆ ಒಂದು ಖಾಲಿ ಇದೆ, ಆದ್ರೆ ಮೆಟ್ಟಿಲು ಜಾಸ್ತಿ."

ಆ ಸುದ್ದಿ ತಲುಪಬೇಕಾದ ಕಡೆ ತಲುಪಿತು. ಒಂದು ಮಧ್ಯಾಹ್ನ ಅವರು ಸಭಾಂಗಣ ಗುಡಿಸುತ್ತಿದ್ದಾಗ ಅವಳು ಬಾಗಿಲಲ್ಲಿ ನಿಂತಿದ್ದಳು. ಲ್ಯಾಬಿನ ಬಿಳಿ ಕೋಟು ತೋಳಿನ ಮೇಲಿತ್ತು. ಸ್ವಲ್ಪ ಇಳಿದು ಹೋಗಿದ್ದಳು.

"ಮನೆ ಹುಡುಕ್ತಿದ್ದೀರಂತೆ."

"ಇಲ್ಲ ಮರಿ."

"ಗೊತ್ತು. ಏನು ಹುಡುಕ್ತಿದ್ದೀರಿ ಅನ್ನೋದೂ ಗೊತ್ತು." ಅವಳು ಒಳಗೆ ಎರಡು ಹೆಜ್ಜೆ ಬಂದಳು. "ಮುಂದಿನ ಸಲಾನೂ ನಿಲ್ಲೋಣ ಅಂತಿದ್ದೀನಿ. ಎಷ್ಟು ಓಟು ಬರುತ್ತೆ ಹೇಳಿ."

ಅವರು ಪೊರಕೆಯನ್ನು ಗೋಡೆಗೆ ಒರಗಿಸಿದರು. ಅಂಕಿ ಸಿದ್ಧವಾಗಿತ್ತು. ಅವಳ ಮುಖವೂ ಅಂಕಿ ಕೇಳಲು ಬಂದ ಆ ಗುರುವಾರದ ಮುಖವೇ ಆಗಿತ್ತು, ಅದನ್ನು ಮರೆಮಾಡಲು ಅವಳು ಪಡುತ್ತಿದ್ದ ಪ್ರಯತ್ನ ಮಾತ್ರ ಹೊಸದು. ಸಿಹಿಯಾದ ಸಂಖ್ಯೆಯೊಂದನ್ನು ಹೇಳಿದರೆ ಅವಳು ಪ್ರತಿ ಭಾನುವಾರ ಬರಬಹುದು. ನಿಜ ಹೇಳಿದರೆ ಈ ಬಾಗಿಲಿನಿಂದಲೇ ಹಿಂದಿರುಗಿ, ಮತ್ತೆಂದೂ ಬರದೆಯೂ ಇರಬಹುದು. ಅವರು ಅವಳ ಮುಖದಿಂದ ಕಣ್ಣು ತೆಗೆಯದೆ ಅಂಕಿ ಹೇಳಿದರು. ಸಭಾಂಗಣ ಅದನ್ನು ಇನ್ನೊಮ್ಮೆ ಹೇಳಿತು.

"ಗೆಲ್ಲೋಕೆ ಎಷ್ಟು ಬೇಕು?"

"ಸಾವಿರದ ಇನ್ನೂರಾದ್ರೂ ಬೇಕು."

"ಅಂದ್ರೆ ಸೋಲ್ತೀನಿ."

"ಸೋಲ್ತೀಯ ಮರಿ."

ಅವಳು ಕೋಟನ್ನು ಇನ್ನೊಂದು ತೋಳಿಗೆ ಬದಲಾಯಿಸಿಕೊಂಡಳು. "ಈಗ ಹದಿನಾಲ್ಕು ಹದಿನೈದು ವರ್ಷ ಇರೋರು ಆಗ ಓಟು ಹಾಕ್ತಾರೆ. ಅವರೆಲ್ಲ ನನ್ನ ಕಡೆ. ಅವರನ್ನ ಸೇರಿಸಿದ್ರಾ?"

"ಸೇರಿಸ್ದೆ. ಆದ್ರೆ ನಿನ್ನ ಓಟು ಬಾಡಿಗೆ ಮನೇಲಿದೆ. ಮೂರು ವರ್ಷಕ್ಕೆ ಅರ್ಧ ಜನ ಬೇರೆ ಊರಿಗೆ ಹೋಗ್ತಾರೆ. ಅವರ ಜಾಗಕ್ಕೆ ಬಂದೋರಿಗೆ ನೀನು ಯಾರು ಅಂತ ಗೊತ್ತಿರಲ್ಲ. ಇನ್ನು ಕೆಲವರು ಮದುವೆ ಮಕ್ಕಳು ಅಂತಾದ್ಮೇಲೆ ಅಪ್ಪ ಹಾಕಿದ ಕಡೆಗೇ ಹಾಕ್ತಾರೆ."

"ಅದು ನಿಮ್ಮ ಕಾಲದ ಮಾತು. ನಾನು ಹಾಕ್ದೆನಾ?"

"ನಿನ್ನಂಥೋರನ್ನ ಬೇರೆ ಎಣಿಸಿದ್ದೀನಿ."

"ಎಷ್ಟು ಬೇರೆ? ಲೆಕ್ಕ ಹೇಗೆ ಹಾಕಿದ್ರಿ ಹೇಳಿ. ಹೊಸದಾಗಿ ಬಂದೋರ ಹತ್ರ ಮೊದಲನೇ ವಾರಾನೇ ಹೋದ್ರೆ?"

ಕುರ್ಚಿಯಣ್ಣ ಒಂದು ಕುರ್ಚಿ ತಂದಿಟ್ಟರು. ಅವಳು ಅದರಲ್ಲಿ ಕೂರದೆ ಅದರ ಬೆನ್ನು ಹಿಡಿದು ನಿಂತೇ ವಾದಿಸಿದಳು. ಬಸ್ಸಿನ ಹೊತ್ತಾದಾಗ ವಾದ ಅರ್ಧಕ್ಕೇ ನಿಂತಿತು. ಬಾಗಿಲು ದಾಟುವಾಗ "ನಿಮ್ಮ ಲೆಕ್ಕ ತಪ್ಪು, ತೋರಿಸ್ತೀನಿ," ಎಂದು ಹೋದಳು.

ಈಗ ಅವಳು ವಾರವಾರ ಬರುವುದಿಲ್ಲ. ಆರೇಳು ವಾರಕ್ಕೊಮ್ಮೆ ಬರುತ್ತಾಳೆ, ಅದೂ ಜಗಳಕ್ಕೆ: ಡಿಪೋ ಹಿಂದಿನ ಕಟ್ಟಡದಲ್ಲಿ ಇಷ್ಟು ಹೊಸ ಸಂಸಾರ ಬಂದಿದೆ, ಅವರಲ್ಲಿ ಇಷ್ಟು ಮಂದಿ ಮೆಟ್ಟಿಲಿಗೆ ಬಂದರು, ಈಗಲಾದರೂ ಅಂಕಿ ಬದಲಾಯಿಸಿ ಎಂದು. ದೊಡ್ಡಪ್ಪ ಕೇಳಿಕೊಂಡು ತಲೆಯಾಡಿಸುತ್ತಾರೆ, ಬದಲಾಯಿಸುವುದಿಲ್ಲ. ಉಳಿದ ಸಂಜೆಗಳಲ್ಲಿ ಅವರು ದೀಪ ಒಂದನ್ನೇ ಹಾಕಿಕೊಂಡು ವೇದಿಕೆಯ ಮೆಟ್ಟಿಲ ಮೇಲೆ ಊಟ ಮಾಡುತ್ತಾರೆ. ಸಭೆಗಳು ಕಡಿಮೆಯಾಗಿವೆ. ಕಾರ್ಯದರ್ಶಿ ಬಂದು, ಆ ಹುಡುಗಿಗೆ ಮುಂದಿನ ಸಲ ಎಷ್ಟು ಬರಬಹುದು ಎಂದು ಕುತೂಹಲದಿಂದ ಕೇಳಿದರೆ "ನನಗೇನು ಗೊತ್ತು" ಎಂದುಬಿಡುತ್ತಾರೆ. ಚುನಾವಣೆಗೆ ಇನ್ನೂ ವರ್ಷಗಳಿವೆ. ಅವರು ಆ ಅಂಕಿಯನ್ನು ಬಾಯಿಬಿಟ್ಟು ಹೇಳಿದ್ದು ಒಂದೇ ಸಲ, ಅದನ್ನು ಕೇಳಬೇಕಾದ ಒಬ್ಬಳಿಗೆ: ಒಂಬೈನೂರ ನಲವತ್ತು.